ಜೋಳದ ಹೊಲದಲ್ಲೊಂದು ಭಯದ ರಾತ್ರಿ: ಅಮೆರಿಕದ ಹ್ಯಾಲೊವೀನ್ ಫಾರ್ಮ್‌ಗಳಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಪೆನ್ಸಿಲ್ವೇನಿಯಾದ ಹೊಲಗಳಲ್ಲಿ ಮೆಕ್ಕೆಜೋಳ ಆಳೆತ್ತರವನ್ನು ಮೀರಿ ನಿಂತಿರುತ್ತದೆ. ಗರಿಗಳೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿರುವುದರಿಂದ ಸಣ್ಣ ಗಾಳಿಗೂ ಇಡೀ ಹೊಲ ಸರಸರ ಎನ್ನುತ್ತದೆ. ಉತ್ತರ ಕರ್ನಾಟಕದವರು ಗೋವಿನಜೋಳ ಎಂದೂ ಹಳೇ ಮೈಸೂರಿನವರು ಮುಸುಕಿನ ಜೋಳ ಎಂದೂ ಕರೆಯುವ ಬೆಳೆಯೇ ಇದು. ರಾತ್ರಿ ಇಂಥ ಹೊಲದ ಬದುವಿನ ಮೇಲೆ ಒಬ್ಬರೇ ನಡೆದಿರುವವರಿಗೆ ಆ ಸದ್ದು ಮೈಯಲ್ಲಿ ಏನು ಮಾಡುತ್ತದೆ ಎಂದು ವಿವರಿಸಬೇಕಾಗಿಲ್ಲ. ಅಕ್ಟೋಬರ್ 31ರ ಹ್ಯಾಲೊವೀನ್ ಹಬ್ಬದ ಸುತ್ತಮುತ್ತಲಿನ ವಾರಾಂತ್ಯಗಳಲ್ಲಿ ಅಮೆರಿಕದ ನೂರಾರು ರೈತ ಕುಟುಂಬಗಳು ಇದೇ ಹೊಲ, ಇದೇ ಕೊಟ್ಟಿಗೆ, ಇದೇ ಟ್ರ್ಯಾಕ್ಟರುಗಳನ್ನು ಬಳಸಿಕೊಂಡು ವೇಷ ತೊಟ್ಟ ನಟರಿಂದ ಜನರನ್ನು ಹೆದರಿಸುವ ರಾತ್ರಿಗಳನ್ನು ಏರ್ಪಡಿಸುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರೂ, ಮಕ್ಕಳ ಮನೆಗೆಂದು ಊರಿನಿಂದ ಬಂದ ತಂದೆತಾಯಂದಿರೂ ಸಹೋದ್ಯೋಗಿಗಳ ಒತ್ತಾಯಕ್ಕೋ ಮಕ್ಕಳ ಹಟಕ್ಕೋ ಒಂದಲ್ಲ ಒಂದು ವರ್ಷ ಅಲ್ಲಿಗೆ ಹೋಗುವುದುಂಟು. ಆ ರಾತ್ರಿ ಚೆನ್ನಾಗಿ ಕಳೆಯುವುದೂ ಕೆಡುವುದೂ ಬಹುಮಟ್ಟಿಗೆ ಹೊರಡುವ ಮೊದಲೇ ನಿರ್ಧಾರವಾಗಿಬಿಡುತ್ತದೆ ಎಂಬುದು ಹಲವು ವರ್ಷ ಹೋಗಿಬಂದ ಮೇಲೆ ನಾನು ಕಂಡುಕೊಂಡದ್ದು.

ಇದು ಏನು, ಎಲ್ಲಿಂದ ಬಂತು

ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್‌ನಲ್ಲಿ ಬೆರ್ರಿ ಹಣ್ಣಿನ ತೋಟವಾಗಿ ಆರಂಭವಾಗಿ ಮುಂದೆ ಮನೋರಂಜನಾ ಉದ್ಯಾನವಾಗಿ ಬೆಳೆದ ನಾಟ್ಸ್ ಬೆರ್ರಿ ಫಾರ್ಮ್ 1973ರಲ್ಲಿ ತನ್ನ ಹ್ಯಾಲೊವೀನ್ ರಾತ್ರಿಗಳನ್ನು ಶುರುಮಾಡಿತು. ಆದರೆ ನಿಜವಾದ ಹೊಲದ ನಡುವೆ ಇಂಥದನ್ನು ನೋಡಬೇಕೆಂದರೆ ಪೆನ್ಸಿಲ್ವೇನಿಯಾಕ್ಕೇ ಹೋಗಬೇಕು. ಲ್ಯಾಂಕಾಸ್ಟರ್ ಕೌಂಟಿಯ ಮೌಂಟ್‌ವಿಲ್ ಊರಿನಲ್ಲಿರುವ ಫೀಲ್ಡ್ ಆಫ್ ಸ್ಕ್ರೀಮ್ಸ್ 1993ರಲ್ಲಿ ಇಬ್ಬರು ಅಣ್ಣತಮ್ಮಂದಿರು ತಮ್ಮ ಮನೆತನದ ಜಮೀನಿನಲ್ಲಿ ಒಂದು ಹೇರೈಡ್‌ನಿಂದ (ಹುಲ್ಲುಗಾಡಿಯ ಸವಾರಿಯಿಂದ) ಆರಂಭಿಸಿದ್ದು. ಅದೇ 1993ರಲ್ಲಿ ಅದೇ ರಾಜ್ಯದ ಆ್ಯನ್‌ವಿಲ್‌ನಲ್ಲಿ ಜೋಳದ ಹೊಲವನ್ನು ಕತ್ತರಿಸಿ ಮಾಡಿದ ಆಧುನಿಕ ಚಕ್ರವ್ಯೂಹವೂ ತೆರೆಯಿತು. ಇಂದು ದೇಶದ ಮೂಲೆಮೂಲೆಯಲ್ಲಿ ಕಾಣುವ ಕಾರ್ನ್ ಮೇಜ್‌ಗಳಿಗೆ ಮೇಲ್ಪಂಕ್ತಿ ಹಾಕಿದ್ದು ಅದು. ಕೊಯ್ಲಿನ ಹೊತ್ತಿಗೆ ಒಂದೆರಡು ತಿಂಗಳು ಕೈಗೆ ಬರುವ ಈ ಹಣ ಬೆಳೆಯ ಬೆಲೆ ಕುಸಿದ ವರ್ಷಗಳಲ್ಲಿ ಸಣ್ಣ ಹಿಡುವಳಿಯನ್ನು ಉಳಿಸಿಕೊಡುತ್ತದೆ ಎಂಬುದು ರೈತಾಪಿ ಮನೆಯಿಂದ ಬಂದ ನಮಗೆ ಬೇಗ ಅರ್ಥವಾಗುತ್ತದೆ.

ಇಂಥ ಫಾರ್ಮ್‌ನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಅನುಭವಗಳಿರುತ್ತವೆ. ಒಣಹುಲ್ಲು ಹಾಸಿದ ಗಾಡಿಯಲ್ಲಿ ಇಪ್ಪತ್ತು ಮೂವತ್ತು ಜನರನ್ನು ಕೂರಿಸಿ, ಟ್ರ್ಯಾಕ್ಟರಿನಿಂದ ಎಳೆದುಕೊಂಡು ಹೊಲ ಮತ್ತು ಕಾಡಂಚಿನ ನಡುವೆ ಕರೆದೊಯ್ಯುವುದು ಹೇರೈಡ್. ಹಳೆಯ ಬಾರ್ನ್ (ಹುಲ್ಲು, ದನಕರು ಇಡುವ ದೊಡ್ಡ ಕೊಟ್ಟಿಗೆ) ಅಥವಾ ಶೆಡ್ಡಿನೊಳಗೆ ಕತ್ತಲ ಕೋಣೆಗಳನ್ನು ಕಟ್ಟಿ ನಡೆಸಿಕೊಂಡು ಹೋಗುವುದು ಹಾಂಟೆಡ್ ಹೌಸ್. ಮೂರನೆಯದು ಹೊರಗಿನ ಕಾಲುದಾರಿ, ಇಲ್ಲವೇ ರಾತ್ರಿಯ ಕಾರ್ನ್ ಮೇಜ್. ಮೌಂಟ್‌ವಿಲ್‌ನಲ್ಲಿ ಹೇರೈಡ್‌ನ ಜೊತೆಗೆ ಮೂರು ಅಂತಸ್ತಿನ ಬಾರ್ನ್ ಒಂದಿದೆ, ಇನ್ನೊಂದು ಹಾಂಟೆಡ್ ಹೌಸ್ ಮತ್ತು ಕಾಲುದಾರಿಯೂ ಇವೆ. ಎಲ್ಲವನ್ನೂ ನೋಡಿ ಮುಗಿಸಲು ಜನಸಂದಣಿಯ ರಾತ್ರಿಯಲ್ಲಿ ನಾಲ್ಕು ಗಂಟೆಯಾದರೂ ಬೇಕೆಂದು ಲೆಕ್ಕ ಹಾಕಿಕೊಳ್ಳಿ.

ಮೊದಲ ಹೆಜ್ಜೆ: ಯಾರು ಬರುತ್ತಾರೆ, ಯಾರು ಬರಬಾರದು

ಟಿಕೆಟ್ಟಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇದು. ಹೆದರಿಕೆಯು ಆಟವಾಗಿ ಉಳಿಯುವುದು ಹೆದರಲು ಒಪ್ಪಿ ಬಂದವನಿಗೆ ಮಾತ್ರ. ಒಪ್ಪದೆ ಬಂದವನಿಗೆ ಅದು ಬರೀ ಹಿಂಸೆ. ಗುಂಪಿನ ಪ್ರತಿಯೊಬ್ಬರನ್ನೂ ಬೇರೆಯವರ ಎದುರಲ್ಲದೆ ಒಬ್ಬೊಬ್ಬರಾಗಿ ಕೇಳಿ. ಎಲ್ಲರ ನಡುವೆ ಕೇಳಿದರೆ ಹದಿಮೂರರ ಹುಡುಗ ‘ನನಗೇನು ಭಯ’ ಎಂದೇ ಹೇಳುತ್ತಾನೆ.

ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಒಂದು ವರ್ಷ ನನ್ನ ಅಕ್ಕನ ಮಗ, ಒಂಬತ್ತು ವರ್ಷದವನು, ದೊಡ್ಡ ಮಕ್ಕಳ ಜೊತೆ ತಾನೂ ಬರುತ್ತೇನೆಂದು ಅತ್ತಾಗ ನಾನು ಮನಸ್ಸು ಕರಗಿ ಕರೆದುಕೊಂಡು ಹೋದೆ. ಗೇಟಿನಲ್ಲಿ ಯಾರೂ ವಯಸ್ಸು ಕೇಳಲಿಲ್ಲ. ಎರಡನೆಯ ಕೋಣೆಯಲ್ಲೇ ಅವನು ನನ್ನ ಜಾಕೆಟ್ಟಿನೊಳಗೆ ಮುಖ ಹುದುಗಿಸಿದ. ಅವನ ಎದೆಬಡಿತ ನನ್ನ ಹೊಟ್ಟೆಗೆ ತಾಕುತ್ತಿತ್ತು. ಹೊರಗೆ ಬಂದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: “ಮಾಮ, ಅವರು ನಮ್ಮ ಮನೆ ಅಡ್ರೆಸ್ ಕೇಳಿಲ್ಲ ತಾನೆ?” ಆಮೇಲೆ ಎರಡು ವಾರ ಅವನು ದೀಪ ಆರಿಸಿ ಮಲಗಲಿಲ್ಲ. ತಪ್ಪು ಗೇಟಿನವರದ್ದಕ್ಕಿಂತ ಹೆಚ್ಚಾಗಿ ನನ್ನದು. ಹನ್ನೆರಡು ಹದಿಮೂರು ವರ್ಷಕ್ಕಿಂತ ಚಿಕ್ಕವರಿಗೆ ಬೇಡ ಎಂದು ಬಹಳಷ್ಟು ಫಾರ್ಮ್‌ಗಳು ಸೂಚಿಸುತ್ತವಾದರೂ ಅದು ಹೆಚ್ಚಾಗಿ ಸಲಹೆ ಮಾತ್ರ, ಕೊನೆಯ ಮಾತು ಪೋಷಕರದ್ದು. ಚಿಕ್ಕ ಮಕ್ಕಳಿಗೆಂದೇ ಹಲವು ಕಡೆ ಹಗಲಿನ ಹೇರೈಡ್, ಕುಂಬಳಕಾಯಿ ಆರಿಸುವ ಹೊಲ ಮತ್ತು ಹಗಲಿನ ಕಾರ್ನ್ ಮೇಜ್ ಇರುತ್ತವೆ. ಅದನ್ನು ಕಡಿಮೆ ದರ್ಜೆಯ ಬದಲಿಯೆಂದು ತಿಳಿಯಬೇಡಿ; ಆ ವಯಸ್ಸಿಗೆ ಅದೇ ಸರಿಯಾದದ್ದು.

ಆರೋಗ್ಯದ ವಿಷಯದಲ್ಲಿ ಸಂಕೋಚ ಬೇಡ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಹೋಗಲೇಬಾರದು. ಪಟಪಟನೆ ಮಿಂಚುವ ಸ್ಟ್ರೋಬ್ ದೀಪಗಳು ಬಹುತೇಕ ಎಲ್ಲ ಕಡೆಯೂ ಇರುವುದರಿಂದ ಅಪಸ್ಮಾರ ಇರುವವರಿಗೆ ಅಪಾಯವಿದೆ. ಆಸ್ತಮಾ ಇದ್ದವರಿಗೆ ಕೃತಕ ಮಂಜಿನ ಹೊಗೆಯೂ ಒಣಹುಲ್ಲಿನ ಧೂಳೂ ಎರಡೂ ತೊಂದರೆ ಕೊಡುತ್ತವೆ. ಹೋಗಲೇಬೇಕೆಂದಿದ್ದರೆ ಇನ್‌ಹೇಲರ್ ಕಾರಿನಲ್ಲಲ್ಲ, ಜೇಬಿನಲ್ಲಿರಲಿ. ಊರಿನಿಂದ ಬಂದ ಹಿರಿಯರ ಮಂಡಿನೋವನ್ನು ಮರೆಯಬೇಡಿ. ಕತ್ತಲಲ್ಲಿ ಏರುತಗ್ಗಿನ ನೆಲ, ಕಿರಿದಾದ ಮೆಟ್ಟಿಲು, ಗಂಟೆಗಟ್ಟಲೆ ನಿಲ್ಲುವ ಸಾಲು, ಇವು ವೇಷಧಾರಿಗಳಿಗಿಂತ ಹೆಚ್ಚು ಕಷ್ಟ ಕೊಡುತ್ತವೆ.

ದಿನ ಆರಿಸುವುದು, ಟಿಕೆಟ್ ಕೊಳ್ಳುವುದು

ಅಕ್ಟೋಬರ್‌ನ ಮಧ್ಯದಿಂದ ಕೊನೆಯವರೆಗಿನ ಶನಿವಾರಗಳು ಅತಿ ಹೆಚ್ಚು ನೂಕುನುಗ್ಗಲಿನವು, ಅತಿ ದುಬಾರಿಯೂ ಹೌದು. ಭಾನುವಾರದ ರಾತ್ರಿ ಅಥವಾ ಸೆಪ್ಟೆಂಬರ್ ಕೊನೆಯ ವಾರಾಂತ್ಯ ನನ್ನ ಆಯ್ಕೆ. ನಮ್ಮವರಿಗೆ ಇನ್ನೊಂದು ಲೆಕ್ಕವೂ ಇದೆ: ನವರಾತ್ರಿಯ ಗೊಂಬೆ ನೋಡಲು ಮನೆಮನೆಗೆ ಹೋಗುವ ಸಂಜೆಗಳು, ದೀಪಾವಳಿ, ಕನ್ನಡ ಕೂಟದ ರಾಜ್ಯೋತ್ಸವದ ತಾಲೀಮು, ಎಲ್ಲವೂ ಇದೇ ವಾರಗಳಲ್ಲಿ ಬಂದು ಬೀಳುತ್ತವೆ. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಪಂಚಾಂಗ ನೋಡಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಟಿಕೆಟ್ಟನ್ನು ಫಾರ್ಮ್‌ನ ಸ್ವಂತ ಜಾಲತಾಣದಲ್ಲೇ ಮುಂಗಡವಾಗಿ ಕೊಳ್ಳಿ. ದಿನಕ್ಕೆ ತಕ್ಕಂತೆ ಬೆಲೆ ಬದಲಾಗುತ್ತದೆ. ಹಲವು ವಿಭಾಗಗಳನ್ನು ಸೇರಿಸಿದ ಟಿಕೆಟ್ ಸಾಮಾನ್ಯವಾಗಿ ಒಬ್ಬರಿಗೆ 40ರಿಂದ 70 ಡಾಲರ್ ಆಗುತ್ತದೆ. ಸಾಲು ತಪ್ಪಿಸುವ ವೇಗದ ಪಾಸಿಗೆ ಇನ್ನಷ್ಟು ಕೊಡಬೇಕು. ಶನಿವಾರವೇ ಹೋಗಬೇಕಾಗಿ ಬಂದರೆ ಆ ಪಾಸಿಗೆ ಕೊಟ್ಟ ಹಣ ನಷ್ಟವಲ್ಲ, ಭಾನುವಾರಕ್ಕೆ ಅದು ಬೇಡವೇ ಬೇಡ. ಹಣ ಕಟ್ಟುವ ಮೊದಲು ಮೂರು ಸಂಗತಿಗಳನ್ನು ಓದಿಕೊಳ್ಳಿ. ಮಳೆ ಬಂದರೆ ನಡೆಯುತ್ತದೆಯೋ ಇಲ್ಲವೋ, ಹಣ ಹಿಂದಿರುಗಿಸುತ್ತಾರೋ ಇನ್ನೊಂದು ದಿನ ಕೊಡುತ್ತಾರೋ ಎಂಬುದು ಮೊದಲನೆಯದು. ಟಿಕೆಟ್ಟಿಗೆ ಗೊತ್ತುಪಡಿಸಿದ ಗಂಟೆ ಇದೆಯೋ ಎಂಬುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಇಲ್ಲಿನ ನಟರು ಮೈ ಮುಟ್ಟುತ್ತಾರೋ ಇಲ್ಲವೋ. ಬಹುಪಾಲು ಫಾರ್ಮ್‌ಗಳಲ್ಲಿ ಅವರು ನಿಮ್ಮನ್ನು ಮುಟ್ಟುವುದಿಲ್ಲ, ನೀವೂ ಅವರನ್ನು ಮುಟ್ಟಬಾರದು. ಆದರೆ ಕೆಲವೆಡೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕೈಹಿಡಿದು ಎಳೆಯುವ, ಗುಂಪಿನಿಂದ ಬೇರ್ಪಡಿಸುವ ಆಟಗಳೂ ಇವೆ. ಮೊದಲ ಸಲ ಹೋಗುವವರು ಅಂಥದಕ್ಕೆ ಖಂಡಿತ ಸಹಿ ಹಾಕಬಾರದು.

ಉಡುಪು ಮತ್ತು ಊಟ

ಬೆರಳು ಕಾಣುವ ಚಪ್ಪಲಿ ಬೇಡ. ಕೆಸರಾದರೂ ಬೇಸರವಾಗದ ಹಳೆಯ ಬೂಟು ಹಾಕಿಕೊಳ್ಳಿ, ಲೇಸನ್ನು ಎರಡು ಗಂಟು ಬಿಗಿಯಿರಿ. ಸಂಜೆ ಐದಕ್ಕೆ ಹಿತವಾಗಿರುವ ಹವೆ ರಾತ್ರಿ ಹತ್ತಕ್ಕೆ 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರಬಹುದು. ಚಲಿಸುವ ತೆರೆದ ಗಾಡಿಯ ಮೇಲೆ ಚಳಿ ಇನ್ನೂ ಹೆಚ್ಚು ಹೊಡೆಯುತ್ತದೆಯಾದ್ದರಿಂದ ಒಂದರ ಮೇಲೊಂದು ಪದರವಾಗಿ ಬಟ್ಟೆ ಇರಲಿ. ನೇತಾಡುವ ಶಾಲು, ದುಪಟ್ಟಾ, ಉದ್ದದ ಓಲೆಗಳನ್ನು ಮನೆಯಲ್ಲೇ ಬಿಡಿ. ಇಕ್ಕಟ್ಟಾದ ದಾರಿಯಲ್ಲಿ ಅವು ಮೊಳೆಗೋ ಕೊಂಬೆಗೋ ಸಿಕ್ಕಿಕೊಳ್ಳುತ್ತವೆ. ಸೀರೆಯುಟ್ಟು ಬರುವ ಹಿರಿಯರಿಗೆ ಅಂದಿನ ಮಟ್ಟಿಗೆ ಪ್ಯಾಂಟು ಅಥವಾ ಚೂಡಿದಾರ ಹಾಕಿಕೊಳ್ಳಲು ಮೊದಲೇ ಹೇಳಿಡಿ. ಸಂದರ್ಶಕರು ಮುಖವಾಡ ತೊಡುವುದನ್ನು ಹೆಚ್ಚಿನ ಫಾರ್ಮ್‌ಗಳು ಬಿಡುವುದಿಲ್ಲ. ಯಾರು ನಟರು, ಯಾರು ಬಂದವರು ಎಂದು ಕಾವಲಿನವರಿಗೆ ತಿಳಿಯಲೇಬೇಕಲ್ಲ.

ಊಟದ ಮಾತು ಸಸ್ಯಾಹಾರಿಗಳಿಗೆ. ಬಿಸಿ ಆ್ಯಪಲ್ ಸೈಡರ್, ಪ್ರೆಟ್ಜೆಲ್, ಸಕ್ಕರೆ ಬೆರೆಸಿ ಹುರಿದ ಕೆಟಲ್ ಕಾರ್ನ್ ಸಿಗುತ್ತವೆ, ಆದರೆ ಆಲೂಗಡ್ಡೆಯ ಫ್ರೈಸನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರುವ ಸಂಭವವಿದೆ, ಕೇಳಿ ಕೊಳ್ಳಿ. ಹೊರಗಿನ ತಿಂಡಿಯನ್ನು ಒಳಗೆ ಬಿಡದ ಕಡೆಗಳಲ್ಲಿ ನಾವು ಕಾರಿನಲ್ಲೇ ಚಿತ್ರಾನ್ನ, ಮೊಸರನ್ನ ಮುಗಿಸಿಕೊಂಡು ಇಳಿಯುತ್ತೇವೆ. ಹೊಟ್ಟೆ ಬಿರಿಯುವಷ್ಟು ತಿನ್ನದಿರುವುದು ಕ್ಷೇಮ. ಮದ್ಯ ಕುಡಿದವರನ್ನು ಗೇಟಿನಲ್ಲೇ ತಡೆಯುತ್ತಾರೆ, ತಡೆಯುವುದು ಸರಿಯೂ ಹೌದು.

ದಾರಿ

ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ಮೌಂಟ್‌ವಿಲ್‌ಗೆ ಎರಡು ಗಂಟೆಗೂ ಮೀರಿದ ದಾರಿ. ಲ್ಯಾಂಕಾಸ್ಟರ್‌ನ ಸುತ್ತ ಕಾರು ಓಡಿಸದ ಆಮಿಷ್ ಎಂಬ ಕ್ರೈಸ್ತ ಪಂಥದ ಜನರ ಕುದುರೆಗಾಡಿಗಳು ರಾತ್ರಿಯೂ ರಸ್ತೆಯಲ್ಲಿರುತ್ತವೆ. ಗಾಡಿಯ ಹಿಂಬದಿಯ ಕಿತ್ತಳೆ ಬಣ್ಣದ ತ್ರಿಕೋನ ನಿಮ್ಮ ದೀಪಕ್ಕೆ ಹೊಳೆದ ಕೂಡಲೇ ವೇಗ ತಗ್ಗಿಸಿ. ದೂರದಿಂದ ಅದು ನಿಂತಿದೆಯೋ ಚಲಿಸುತ್ತಿದೆಯೋ ತಿಳಿಯುವುದಿಲ್ಲ. ಅಕ್ಟೋಬರ್ ಮತ್ತು ನವೆಂಬರ್ ಜಿಂಕೆಗಳು ಬೆದೆಗೆ ಬರುವ ಕಾಲವಾದ್ದರಿಂದ ಮುಸ್ಸಂಜೆಯಲ್ಲಿ ಅವು ಹಿಂದೆಮುಂದೆ ನೋಡದೆ ರಸ್ತೆ ದಾಟುತ್ತವೆ. ಒಂದು ದಾಟಿದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿಯಿರಿ. ಆ ರಾತ್ರಿಯ ನಿಜವಾದ ಅಪಾಯ ಹೆಚ್ಚಾಗಿ ಈ ರಸ್ತೆಯಲ್ಲೇ ಇದೆ.

ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಅದಕ್ಕೆ ಅರ್ಧ ಗಂಟೆ ಮೊದಲು ತಲುಪಿ. ಕಾರು ನಿಲ್ಲಿಸುವುದು ಹುಲ್ಲುಗಾವಲಿನಲ್ಲಿ, ರಾತ್ರಿ ಎಲ್ಲ ಸಾಲುಗಳೂ ಒಂದೇ ಥರ ಕಾಣುತ್ತವೆ. ಬೆಳಕಿರುವಾಗಲೇ ಹತ್ತಿರದ ಮರವನ್ನೋ ಕಂಬವನ್ನೋ ಸೇರಿಸಿ ಒಂದು ಫೋಟೊ ತೆಗೆದುಕೊಳ್ಳಿ. ಹಳ್ಳಿಗಾಡಿನಲ್ಲಿ ಮೊಬೈಲ್ ಸಿಗ್ನಲ್ ಕೈಕೊಡಬಹುದು, ಆದುದರಿಂದ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಒಂದು ಜಾಗವನ್ನು ಎಲ್ಲರಿಗೂ ತೋರಿಸಿಡಿ.

ಗಾಡಿಯ ಮೇಲೆ

ಮೊದಲು ಹೇರೈಡ್‌ಗೇ ಹೋಗಿ. ಕುಳಿತಿರುತ್ತೀರಿ, ಜೊತೆಗೆ ಅಪರಿಚಿತರಾದರೂ ಇಪ್ಪತ್ತು ಜನರಿರುತ್ತಾರೆ, ಮನಸ್ಸು ಕತ್ತಲೆಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಅಂಚಿನಲ್ಲಿ ಕೂತವರ ಮೇಲೆಯೇ ವೇಷಧಾರಿಗಳು ಎರಗುವುದರಿಂದ ಅಳುಕುವವರನ್ನು ನಡುವೆ ಕೂರಿಸಿ.

ಕಳೆದ ಬಾರಿ ಅಮ್ಮ ಜೊತೆಗಿದ್ದರು, ಒಪ್ಪಿಯೇ ಬಂದಿದ್ದರು. ಗಾಡಿ ಹೊರಟಿತು. ಎಡಗಡೆಯ ಜೋಳದ ಸಾಲಿನಲ್ಲಿ ಒಂದು ಬೆದರುಬೊಂಬೆ ಕೈಚಾಚಿ ನಿಂತಿತ್ತು. ಗೋಣಿಯ ಮುಖ, ಹರಿದ ಅಂಗಿ, ತೋಳಿನಿಂದ ಇಳಿಬಿದ್ದ ಹುಲ್ಲು. ಎಲ್ಲರೂ ಅದನ್ನೇ ನೋಡುತ್ತಿದ್ದಾಗ ಬಲಗಡೆಯಿಂದ ಯಂತ್ರಗರಗಸ ಭೋರೆಂದು ಕೂಗಿತು. ಪೆಟ್ರೋಲಿನ ಹೊಗೆಯ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಒಬ್ಬ ಗಾಡಿಯ ಹಲಗೆಯನ್ನೇ ಹಿಡಿದಿದ್ದ. ಇಡೀ ವಿದ್ಯೆಯ ಗುಟ್ಟು ಇಷ್ಟೇ: ಒಂದು ಕಡೆ ಕಣ್ಣನ್ನು ಕಟ್ಟಿಹಾಕುವುದು, ಇನ್ನೊಂದು ಕಡೆಯಿಂದ ಬರುವುದು. ಅಮ್ಮ ಚೀರಿದರು, ಆಮೇಲೆ ನಕ್ಕರು, ಆಮೇಲೆ ನನ್ನ ಕಿವಿಯಲ್ಲಿ, “ಆ ಹುಡುಗ ಚಳಿಗೆ ನಡುಗ್ತಾ ಇದ್ದ ಕಣೋ, ಊಟ ಮಾಡಿದ್ನೋ ಇಲ್ವೋ” ಎಂದರು. ಅಂದಹಾಗೆ ಆ ಗರಗಸಗಳಿಂದ ಕತ್ತರಿಸುವ ಸರಪಳಿಯನ್ನು ತೆಗೆದಿರುತ್ತಾರೆ, ಸದ್ದು ಮತ್ತು ವಾಸನೆ ಮಾತ್ರ ನಿಜ.

ಗಾಡಿಯ ನಿಯಮಗಳನ್ನು ಮಾತ್ರ ಆಟವೆಂದು ತಿಳಿಯಬೇಡಿ. 2014ರ ಅಕ್ಟೋಬರ್‌ನಲ್ಲಿ ಮೇನ್ ರಾಜ್ಯದ ಮೆಕ್ಯಾನಿಕ್ ಫಾಲ್ಸ್‌ನಲ್ಲಿ ಇಂಥದೇ ರಾತ್ರಿಯ ಗಾಡಿಯೊಂದು ಇಳಿಜಾರಿನಲ್ಲಿ ಹತೋಟಿ ತಪ್ಪಿ ಮರಕ್ಕೆ ಬಡಿದು, 17 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕೈಕಾಲು ಒಳಗಿರಲಿ, ಎದ್ದು ನಿಲ್ಲಬೇಡಿ, ಎಷ್ಟೇ ಹೆದರಿದರೂ ಚಲಿಸುವ ಗಾಡಿಯಿಂದ ಹಾರಬೇಡಿ. ಹತ್ತುವ ಮೊದಲು ಗಾಡಿಗೆ ಸುತ್ತಲೂ ಗಟ್ಟಿಯಾದ ಕಟಕಟೆ ಇದೆಯೇ, ಜನರನ್ನು ತುರುಕುತ್ತಿದ್ದಾರೆಯೇ ಎಂದು ನೋಡಿ. ಸಮಾಧಾನವಾಗದಿದ್ದರೆ ಟಿಕೆಟ್ ಹೋದರೂ ಹೋಗಲಿ, ಹತ್ತಬೇಡಿ.

ಬಾರ್ನ್‌ನ ಒಳಗೆ

ಆರೆಂಟು ಜನರ ತಂಡವನ್ನು ಸ್ವಲ್ಪ ಬಿಡುವು ಕೊಟ್ಟು ಒಳಗೆ ಕಳಿಸುತ್ತಾರೆ. ಸಾಲಿನ ಮೊದಲನೆಯವನಿಗಿಂತ ಹೆಚ್ಚು ಹೆದರುವುದು ಕೊನೆಯವನು, ಏಕೆಂದರೆ ಅವನ ಬೆನ್ನಿಗೆ ಯಾರೂ ಇರುವುದಿಲ್ಲ. ಗಟ್ಟಿಮನಸ್ಸಿನವರು ಮುಂದೊಬ್ಬರು, ಹಿಂದೊಬ್ಬರು ಇರಲಿ. ಓಡಬೇಡಿ, ಓಡಿದರೆ ಮುಂದಿನ ತಂಡಕ್ಕೆ ಢಿಕ್ಕಿ ಹೊಡೆಯುತ್ತೀರಿ, ಮೇಲಾಗಿ ನಿಮಗೆಂದು ಕಟ್ಟಿದ ಅರ್ಧ ಆಟವನ್ನು ಕಳೆದುಕೊಳ್ಳುತ್ತೀರಿ. ಒಂದು ಕೈಯನ್ನು ಮುಂದೆ ಎದೆಯ ಮಟ್ಟದಲ್ಲಿ ಹಿಡಿದು ಪಾದ ಎಳೆಯುತ್ತಾ ನಡೆದರೆ ಎಡವುವುದಿಲ್ಲ. ಗಾಳಿಯನ್ನು ರಪ್ಪನೆ ಬಿಡುವ ಯಂತ್ರಗಳೂ ಕೆಳಗೆ ಬೀಳುವಂತೆ ನಟಿಸುವ ಸೂರುಗಳೂ ಬಹಳ ಕಡೆ ಇವೆ. ಎರಡೂ ಬದಿಯಿಂದ ಗಾಳಿ ತುಂಬಿದ ಬಟ್ಟೆಯ ಗೋಡೆಗಳು ಒತ್ತುವ ಇಕ್ಕಟ್ಟಿನ ದಾರಿಯಲ್ಲಿ ಉಸಿರು ಕಟ್ಟಿದಂತಾಗುವವರಿಗೆ ಅದನ್ನು ಬಳಸಿ ಹೋಗುವ ದಾರಿ ಇದೆಯೇ ಎಂದು ಬಾಗಿಲಲ್ಲೇ ಕೇಳಿ.

ನಟರ ವಿಷಯದಲ್ಲಿ ಒಂದು ಮನವಿ ಇದೆ. ಮುಖವಾಡದ ಹಿಂದೆ ಇರುವವರಲ್ಲಿ ಬಹಳಷ್ಟು ಜನ ಅಕ್ಕಪಕ್ಕದ ಊರಿನ ಕಾಲೇಜು ಹುಡುಗ ಹುಡುಗಿಯರು. ಹೆದರಿಕೆಯಲ್ಲಿ ಕೈಬೀಸುವ ಅಭ್ಯಾಸ ನಿಮಗಿದ್ದರೆ ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿಡಿ. ಯಾರು ಹೆಚ್ಚು ಚೀರುತ್ತಾರೋ ಅವರ ಬೆನ್ನನ್ನೇ ನಟರು ಹಿಡಿಯುತ್ತಾರೆ. ಆದ್ದರಿಂದ ಗುಂಪಿನಲ್ಲಿ ಯಾರದಾದರೂ ಹೆಸರು ಹಿಡಿದು ‘ಅವಳನ್ನು ಹೆದರಿಸಿ’ ಎಂದು ಅವರಿಗೆ ಹೇಳಿಕೊಡಬೇಡಿ. ಸಾಕು ಎನಿಸಿದಾಗ ನಿಂತು, ನಟರ ಮುಖ ನೋಡಿ, ಜೋರಾಗಿ, ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಹೊರಗೆ ಹೋಗಬೇಕೆಂದು ಹೇಳಿ. ಅವರು ಕೂಡಲೇ ವೇಷದ ದನಿ ಬಿಟ್ಟು ಪಕ್ಕದ ತುರ್ತು ಬಾಗಿಲು ತೋರಿಸುತ್ತಾರೆ. ಇಂಗ್ಲಿಷ್ ಬಾರದ ಹಿರಿಯರಿಗೆ ಆ ಒಂದು ವಾಕ್ಯವನ್ನು ಕಾರಿನಲ್ಲೇ ಕಲಿಸಿಡಿ.

ಬೆಂಕಿಯ ಬಗ್ಗೆ ತಿಳಿದಿರಬೇಕು. 1984ರ ಮೇ 11ರಂದು ನ್ಯೂಜೆರ್ಸಿಯ ಜಾಕ್ಸನ್‌ನಲ್ಲಿರುವ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದ ಹಾಂಟೆಡ್ ಕ್ಯಾಸಲ್ ಹೊತ್ತಿ ಉರಿದು ಎಂಟು ಮಂದಿ ಹದಿಹರೆಯದವರು ಒಳಗೇ ಸತ್ತರು. ನೀರು ಚಿಮುಕಿಸುವ ಸ್ಪ್ರಿಂಕ್ಲರ್‌ಗಳು ಅಲ್ಲಿರಲಿಲ್ಲ. ಅದರ ನಂತರ ಇಂಥ ಕತ್ತಲ ಕಟ್ಟಡಗಳ ಮೇಲಿನ ಅಗ್ನಿಸುರಕ್ಷಾ ನಿಯಮಗಳು ಬಿಗಿಯಾದವು: ಸ್ಪ್ರಿಂಕ್ಲರ್ ಬೇಕು, ಹೊಗೆ ಪತ್ತೆಹಚ್ಚುವ ಸಾಧನ ಬೇಕು, ಅಪಾಯದ ಗಂಟೆ ಬಾರಿಸಿದರೆ ಗೊಂದಲದ ಸದ್ದುಗಳು ನಿಂತು ಹೊರದಾರಿಯ ದೀಪಗಳು ಹತ್ತಬೇಕು. ಹೀಗಾಗಿ ಒಳಗಿರುವಾಗ ಸಂಗೀತ ಥಟ್ಟನೆ ನಿಂತು ದೀಪ ಹತ್ತಿದರೆ ಅದನ್ನು ಆಟದ ಭಾಗವೆಂದು ಭಾವಿಸಿ ನಿಲ್ಲಬೇಡಿ, ಸಿಬ್ಬಂದಿ ತೋರಿಸಿದ ಕಡೆ ಹೊರಡಿ. ಲೈಟರ್, ಬೆಂಕಿಪೊಟ್ಟಣ ಒಳಗೆ ಒಯ್ಯಲೇಬಾರದು. ಎಲ್ಲ ಕಡೆ ಒಣಹುಲ್ಲು ಎಂಬುದು ನೆನಪಿರಲಿ.

ಜೋಳದ ದಾರಿಯಲ್ಲಿ

ಕಾರ್ನ್ ಮೇಜ್‌ಗೆಂದು ಬಿತ್ತುವ ಹೊಲದಲ್ಲಿ ಸಾಲುಗಳನ್ನು ಉದ್ದಕ್ಕೂ ಅಡ್ಡಕ್ಕೂ ಎರಡು ಸಲ ಬಿತ್ತಿ ಪೈರನ್ನು ಒತ್ತಾಗಿಸುವುದುಂಟು, ಗಿಡ ಇನ್ನೂ ಮೊಳಕಾಲುದ್ದ ಇರುವಾಗಲೇ ನಕ್ಷೆಯಂತೆ ದಾರಿ ಕತ್ತರಿಸುತ್ತಾರೆ. ಬೆಳೆದ ಮೇಲೆ ಪಕ್ಕದ ಓಣಿಯೂ ಕಾಣುವುದಿಲ್ಲ. 2011ರ ಅಕ್ಟೋಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್‌ನಲ್ಲಿ ಹಸುಗೂಸಿನೊಂದಿಗೆ ಇಂಥ ಮೇಜ್‌ಗೆ ಹೋದ ಕುಟುಂಬವೊಂದು ಕತ್ತಲಾದ ಮೇಲೆ ದಾರಿ ಕಾಣದೆ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿತು. ಪೊಲೀಸರು ನಾಯಿಯೊಂದಿಗೆ ಬಂದು ಹುಡುಕಿದಾಗ ಅವರು ಹೊರದಾರಿಗೆ ಹತ್ತಿರದಲ್ಲೇ ಇದ್ದರು. ನಕ್ಷೆ ಕೊಟ್ಟರೆ ತೆಗೆದುಕೊಳ್ಳಿ, ನಿಮ್ಮ ಫೋನಿನ ಚಾರ್ಜ್ ಅರ್ಧಕ್ಕಿಂತ ಮೇಲಿರಲಿ, ದಾರಿ ತಪ್ಪಿದರೆ ಒಂದೇ ಕೈ ಕಡೆಯ ಜೋಳದ ಗೋಡೆಯನ್ನು ಬಿಡದೆ ಅನುಸರಿಸಿ ನಡೆಯಿರಿ. ಗಿಡ ಮುರಿದು ನುಗ್ಗಬೇಡಿ, ಅದು ಯಾರದೋ ಬೆಳೆ. ಒಣಗರಿಗಳ ಅಂಚು ಮುಖ ಕೈಗಳನ್ನೂ ಗೀರುತ್ತದೆ.

ಮನೆಗೆ ಬಂದ ಮೇಲೆ

ಮಕ್ಕಳು ಮಲಗುವ ಮೊದಲು ಕಂಡದ್ದನ್ನು ಮಾತಾಡಲು ಬಿಡಿ, ಹೆದರಿದ್ದನ್ನು ಆಡಿಕೊಳ್ಳಬೇಡಿ. ಎಷ್ಟೇ ಹೊತ್ತಾಗಿದ್ದರೂ ಇನ್ನೊಂದು ಕೆಲಸ ಬಿಡುವಂತಿಲ್ಲ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಲೈಮ್ ರೋಗ ಹರಡುವ ಉಣ್ಣಿಗಳು ಅಕ್ಟೋಬರ್ ನವೆಂಬರ್‌ನಲ್ಲೂ ಚುರುಕಾಗಿರುತ್ತವೆ. ಪೆನ್ಸಿಲ್ವೇನಿಯಾದಲ್ಲಿ ಆ ರೋಗ ಬಹಳ. ಉಣುಗಿನಿಂದ ಮಂಗನ ಕಾಯಿಲೆ ಬರುವುದನ್ನು ಕಂಡ ಮಲೆನಾಡಿನವರಿಗೆ ಈ ಎಚ್ಚರ ಹೊಸದಲ್ಲ. ಹಾಕಿದ ಬಟ್ಟೆಗಳನ್ನು ಡ್ರೈಯರ್‌ನ ಬಿಸಿಗೆ ಹಾಕಿ, ಸ್ನಾನ ಮಾಡಿ, ಮೊಣಕಾಲಿನ ಹಿಂಭಾಗ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ, ಕೂದಲಿನ ಬುಡಗಳನ್ನು ದೀಪದ ಬೆಳಕಿನಲ್ಲಿ ನೋಡಿ. ಕಚ್ಚಿಕೊಂಡದ್ದು ಸಿಕ್ಕರೆ ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಸೋಂಕು ದಾಟಲು ಸಾಮಾನ್ಯವಾಗಿ ಅದು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕಾಗುವುದರಿಂದ ಅದೇ ರಾತ್ರಿ ತೆಗೆದರೆ ಅಪಾಯ ಬಹಳ ಕಡಿಮೆ. ಮುಂದಿನ ಕೆಲವು ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ಮಚ್ಚೆ ಅಥವಾ ಜ್ವರ ಕಂಡರೆ, ಹೊಲಕ್ಕೆ ಹೋದ ದಿನಾಂಕವನ್ನು ಹೇಳಿ ವೈದ್ಯರಿಗೆ ತೋರಿಸಿ.